ಹೊಳೆ ದಾಟುವ ತೀರ್ಮಾನವನ್ನು ಸ್ಟೀರಿಂಗ್ ಹಿಡಿದವನಿಗೆ ಬಿಡಬೇಡಿ: ಕೊಡಗು ಜಿಲ್ಲಾಧಿಕಾರಿಯವರಿಗೆ ಬಹಿರಂಗ ಪತ್ರ

ಗೆ,
ಮಾನ್ಯ ಜಿಲ್ಲಾಧಿಕಾರಿಗಳು ಹಾಗೂ ಅಧ್ಯಕ್ಷರು,
ಜಿಲ್ಲಾ ವಿಪತ್ತು ನಿರ್ವಹಣಾ ಪ್ರಾಧಿಕಾರ,
ಕೊಡಗು ಜಿಲ್ಲೆ, ಮಡಿಕೇರಿ.

ವಿಷಯ: ಮಳೆಗಾಲದಲ್ಲಿ ಹೊಳೆ ನೀರು ಹತ್ತುವ ರಸ್ತೆಗಳನ್ನು ಸಕಾಲದಲ್ಲಿ ಮುಚ್ಚುವ ಬಗ್ಗೆ.

ಮಾನ್ಯರೇ,

ನಾನು ನಾಪೋಕ್ಲು ಕಡೆಯ ಒಂದು ಗ್ಯಾರೇಜಿನಲ್ಲಿ ಮೆಕ್ಯಾನಿಕ್. ಬೇರೆ ದಿನಗಳಲ್ಲಿ ನನ್ನ ಕೆಲಸ ಬ್ರೇಕು, ಕ್ಲಚ್ಚು, ಗೇರ್‌ಬಾಕ್ಸ್. ಪುಷ್ಯ, ಆಶ್ಲೇಷ ಮಳೆ ಹಿಡಿದುಕೊಂಡ ಮೇಲೆ ಬರುವುದು ನೀರು ಕುಡಿದ ಎಂಜಿನ್‌ಗಳು. ಅವನ್ನು ಬಿಚ್ಚುವಾಗ ಪಕ್ಕದಲ್ಲಿ ನಿಂತ ಗಾಡಿಯವರು ಹೇಳುವ ಮಾತು ಹೆಚ್ಚುಕಡಿಮೆ ಒಂದೇ: “ಮುಂದೆ ಬಸ್ಸು ಹೋಯ್ತು ಅಣ್ಣ, ನಾನೂ ಬಿಟ್ಟೆ.” ಗಾಡಿ ಹೇಗೋ ರಿಪೇರಿಯಾಗುತ್ತದೆ. ಒಳಗಿದ್ದವರು ಬದುಕಿ ಬಂದರಲ್ಲ ಎಂದು ಪ್ರತಿ ಸಲ ಸಮಾಧಾನಪಟ್ಟುಕೊಳ್ಳುತ್ತೇನೆ. ಅವರು ಬದುಕಿದ್ದು ಅದೃಷ್ಟದಿಂದ ಎಂಬುದೂ ನನಗೆ ಗೊತ್ತು. ಅದಕ್ಕೇ ಈ ಸಲ ಮಳೆ ಶುರುವಾಗುವ ಮುಂಚೆಯೇ ತಮಗೆ ಬರೆಯುತ್ತಿದ್ದೇನೆ.

ನಮ್ಮ ಜಿಲ್ಲೆಯಲ್ಲಿ ಹೊಳೆ ಎಲ್ಲೆಲ್ಲಿ ರಸ್ತೆಗೆ ಹತ್ತುತ್ತದೆ ಎಂದು ಹೊಸದಾಗಿ ಹುಡುಕಬೇಕಾಗಿಲ್ಲ. ಬ್ರಹ್ಮಗಿರಿ, ತಲಕಾವೇರಿ ಕಡೆ ಒಂದೇ ರಾತ್ರಿ ಏಳೆಂಟು ಇಂಚು ಸುರಿದರೆ ಭಾಗಮಂಡಲದ ತ್ರಿವೇಣಿ ಸಂಗಮ ತುಂಬುತ್ತದೆ, ಭಾಗಮಂಡಲ–ನಾಪೋಕ್ಲು ರಸ್ತೆಯ ಮೇಲೆ ನೀರು ನಿಲ್ಲುತ್ತದೆ. ಮೂರ್ನಾಡು–ನಾಪೋಕ್ಲು ರಸ್ತೆಯಲ್ಲಿ ಬೊಳಿಬಾಣೆ, ಇತ್ತ ಚೆರಿಯಪರಂಬು. ಕೆಳಗೆ ಸಿದ್ದಾಪುರದ ಕರಡಿಗೋಡು, ಗುಹ್ಯ, ನೆಲ್ಯಹುದಿಕೇರಿಯ ಕುಂಬಾರಗುಂಡಿ, ಬೆಟ್ಟದಕಾಡು. ಇನ್ನೂ ಕೆಳಗೆ ಹೋದರೆ ಕುಶಾಲನಗರದ ನದಿ ದಂಡೆಯ ಬಡಾವಣೆಗಳು. ದಕ್ಷಿಣದಲ್ಲಿ ಲಕ್ಷ್ಮಣತೀರ್ಥ ಉಕ್ಕಿತೆಂದರೆ ಗದ್ದೆ ಯಾವುದು, ರಸ್ತೆ ಯಾವುದು ಎಂದೇ ತಿಳಿಯುವುದಿಲ್ಲ. ಊರಿನ ಯಾವ ಹಿರಿಯರನ್ನು ಕೇಳಿದರೂ ನೀರು ಮೊದಲು ಯಾವ ತಿರುವಿಗೆ ಬರುತ್ತದೆ, ಕೊನೆಗೆ ಎಲ್ಲಿಂದ ಇಳಿಯುತ್ತದೆ ಎಂದು ಬೆರಳಿಟ್ಟು ತೋರಿಸುತ್ತಾರೆ. ಭಾಗಮಂಡಲಕ್ಕೆ ಮೇಲ್ಸೇತುವೆ ಬಂದದ್ದೂ ಜಾಗ ಹೀಗೆ ಖಚಿತವಾಗಿ ಗೊತ್ತಿದ್ದುದರಿಂದಲೇ. ಎಲ್ಲ ಕಡೆ ಮೇಲ್ಸೇತುವೆ ಕಟ್ಟಿ ಎಂದು ನಾನು ಕೇಳುತ್ತಿಲ್ಲ. ನಾನು ಕೇಳುತ್ತಿರುವುದು ತೀರಾ ಕಡಿಮೆ ಖರ್ಚಿನದು.

2018ರಲ್ಲಿ ಮಕ್ಕಂದೂರು, ಜೋಡುಪಾಲ, 2019ರಲ್ಲಿ ತೋರ, 2020ರಲ್ಲಿ ಬ್ರಹ್ಮಗಿರಿ. ಸತತ ಮೂರು ಆಗಸ್ಟ್ ತಿಂಗಳು ಬೆಟ್ಟ ಕುಸಿದು ಜನ ಮಣ್ಣಿನಡಿ ಹೋದದ್ದನ್ನು ಕಂಡ ಜಿಲ್ಲೆ ಇದು. ಆಮೇಲೆ ಮಳೆಗಾಲವೆಂದರೆ ಎಲ್ಲರ ಕಣ್ಣು ಬೆಟ್ಟದ ಕಡೆಗೆ ಹೋಗುತ್ತದೆ, ಹೋಗಲೇಬೇಕು. ಅದರ ಎದುರು ರಸ್ತೆಯ ಮೇಲಿನ ಎರಡಡಿ ನೀರು ಸಣ್ಣ ತೊಂದರೆಯಂತೆ ಕಾಣುತ್ತದೆ. “ಸಂಚಾರ ಅಸ್ತವ್ಯಸ್ತ” ಎಂದು ಪತ್ರಿಕೆಯಲ್ಲಿ ಒಂದು ಸಾಲು ಬಂದರೆ ಮುಗಿಯಿತು. ಕುಸಿಯುವ ಬೆಟ್ಟದ ಕೆಳಗೆ ಯಾರೂ ತಿಳಿದು ತಿಳಿದು ಹೋಗಿ ನಿಲ್ಲುವುದಿಲ್ಲ. ನೀರಿನೊಳಗೆ ಮಾತ್ರ ಜನ ತಾವಾಗಿಯೇ ಇಳಿಯುತ್ತಾರೆ, ಮಕ್ಕಳನ್ನು ಕೂರಿಸಿಕೊಂಡೂ ಇಳಿಯುತ್ತಾರೆ.

ಯಾಕೆ ಇಳಿಯಬಾರದು ಎಂಬುದನ್ನು ನನ್ನ ಕಸುಬಿನ ಲೆಕ್ಕದಲ್ಲೇ ಹೇಳುತ್ತೇನೆ. ಸಣ್ಣ ಕಾರೊಂದರ ತೂಕ ಒಂದು ಟನ್ನಿನ ಆಸುಪಾಸು. ಅದರ ತಳ ನೆಲದಿಂದ ಸುಮಾರು 7 ಇಂಚು ಮೇಲಿರುತ್ತದೆ. ತಳದ ಉದ್ದ 4 ಮೀಟರ್, ಅಗಲ ಒಂದೂವರೆ ಮೀಟರ್ ಎಂದು ಹಿಡಿದರೆ 6 ಚದರ ಮೀಟರ್ ಆಯಿತು. ನೀರು ತಳವನ್ನು ಮುಟ್ಟಿ ಅಲ್ಲಿಂದ ಮೇಲೆ 4 ಇಂಚು ಏರಿದರೆ ಸಾಕು, ಕಾರು ಸರಿಸಿದ ನೀರಿನ ತೂಕ 600 ಕೆ.ಜಿ. ಅಂದರೆ ಗಾಡಿಯ ತೂಕದಲ್ಲಿ ಅಷ್ಟನ್ನು ನೀರೇ ಹೊರುತ್ತಿದೆ. ಇನ್ನು ಎರಡು ಮೂರು ಇಂಚು ಏರಿತೋ, ಟೈರಿಗೆ ರಸ್ತೆಯ ಮೇಲೆ ಹಿಡಿತವೇ ಇರುವುದಿಲ್ಲ. ಆಮೇಲೆ ಸ್ಟೀರಿಂಗ್ ಎತ್ತ ತಿರುಗಿಸಿದರೂ ಅಷ್ಟೇ, ಬ್ರೇಕ್ ತುಳಿದರೂ ಅಷ್ಟೇ. ಒಂದಡಿ ನೀರಿನಲ್ಲಿ ಸಣ್ಣ ಕಾರು ತೇಲತೊಡಗುತ್ತದೆ, ಎರಡಡಿ ರಭಸದ ನೀರು ಜೀಪು, ಪಿಕಪ್‌ಗಳನ್ನೂ ಎಳೆದೊಯ್ಯುತ್ತದೆ. ಭಾರದ ಗಾಡಿ, ದೊಡ್ಡ ಟೈರು, ಫೋರ್‌ವೀಲ್ ಎಂಬ ಧೈರ್ಯ ನಮ್ಮಲ್ಲಿ ತುಂಬಾ ಇದೆ. ಫೋರ್‌ವೀಲ್ ಕೆಸರಿನಲ್ಲಿ ಕೈ ಹಿಡಿಯುತ್ತದೆ. ನಾಲ್ಕು ಚಕ್ರವೂ ನೆಲ ಬಿಟ್ಟ ಮೇಲೆ ಅದರಿಂದ ಏನು ಪ್ರಯೋಜನ?

ಹರಿವಿನ ವೇಗ ಎರಡು ಪಟ್ಟಾದರೆ ತಳ್ಳುವ ಬಲ ನಾಲ್ಕು ಪಟ್ಟಾಗುತ್ತದೆ. ಹಾಗಾಗಿ ನಿನ್ನೆ ಇಷ್ಟೇ ನೀರಿನಲ್ಲಿ ದಾಟಿದ್ದೆ ಎಂಬ ಲೆಕ್ಕ ಇವತ್ತಿಗೆ ಸಲ್ಲುವುದಿಲ್ಲ. ನಡೆದು ಹೋಗುವವರಿಗಂತೂ ಪಾದ ಮುಳುಗಿ ಸ್ವಲ್ಪ ಮೇಲೆ ಬರುವ 6 ಇಂಚು ನೀರು ಸಾಕು, ರಭಸವಿದ್ದರೆ ಗಟ್ಟಿ ಆಳನ್ನೇ ಕೆಡವುತ್ತದೆ. ಒಮ್ಮೆ ಬಿದ್ದವರು ಮತ್ತೆ ಕಾಲೂರಿ ಏಳುವುದು ಬಲು ಕಷ್ಟ. ಕೆಂಪು ನೀರಿನ ಕೆಳಗೆ ಏನಿದೆ ಎಂದು ಯಾರಿಗೂ ಕಾಣುವುದಿಲ್ಲ: ಮೋರಿಯ ಚಪ್ಪಡಿ ಕಿತ್ತುಹೋಗಿದೆಯೋ, ಟಾರಿನ ಅಂಚು ಕೊರೆದುಹೋಗಿದೆಯೋ, ಕರೆಂಟಿನ ತಂತಿ ಬಿದ್ದಿದೆಯೋ.

ಎಂಜಿನ್ನಿನ ವಿಷಯ ಇನ್ನೂ ಬೇಗ ಮುಗಿಯುತ್ತದೆ. ಗಾಳಿ ಎಳೆದುಕೊಳ್ಳುವ ಪೈಪು ಎಷ್ಟೋ ಕಾರುಗಳಲ್ಲಿ ಹೆಡ್‌ಲೈಟಿನ ಹಿಂದೆಯೇ ಇರುತ್ತದೆ. ಎದುರಿನಿಂದ ಒಂದು ಬಸ್ಸು ಎಬ್ಬಿಸಿದ ಅಲೆ ಬಾನೆಟ್ಟಿಗೆ ಬಡಿದರೆ ನೀರು ನೇರ ಒಳಕ್ಕೆ. ಗಾಳಿಯನ್ನು ಪಿಸ್ಟನ್ ಅದುಮಬಲ್ಲದು, ನೀರನ್ನು ಅದುಮಲಾರದು. ಕನೆಕ್ಟಿಂಗ್ ರಾಡ್ ಬಗ್ಗಿ ಎಂಜಿನ್ ಅಲ್ಲೇ ನಿಲ್ಲುತ್ತದೆ, ಹೊಳೆಯ ನಡುಮಧ್ಯೆ. ಕಳೆದ ಮಳೆಗಾಲದಲ್ಲಿ ನಾನು ಬಿಚ್ಚಿದ ಒಂದು ಏರ್‌ಫಿಲ್ಟರ್ ಡಬ್ಬಿಯೊಳಗೆ ಮಣ್ಣುನೀರು, ಬಿದಿರೆಲೆ, ಕೊಳೆತ ಕಾಫಿ ಎಲೆ ತುಂಬಿತ್ತು. ಫಿಲ್ಟರಿನ ಕಾಗದ ಮುದ್ದೆಯಾಗಿ ಕೈಗೆ ಬಂತು. ಆ ಗಾಡಿಯಲ್ಲಿ ಮುದುಕಿಯೊಬ್ಬರು ಇದ್ದರಂತೆ, ಡಯಾಲಿಸಿಸ್‌ಗೆ ಹೊರಟವರು. ಅವರನ್ನು ಇಬ್ಬರು ಹುಡುಗರು ಹೆಗಲ ಮೇಲೆ ಹೊತ್ತು ಆಚೆ ದಡಕ್ಕೆ ಸೇರಿಸಿದ್ದರು.

ಇನ್ನೊಂದು ನಾನೇ ಕಣ್ಣಾರೆ ಕಂಡದ್ದು. ಸಂಜೆಯ ಹೊತ್ತು, ಮಕ್ಕಳನ್ನು ಮನೆಗೆ ಬಿಡಲು ಹೊರಟಿದ್ದ ಶಾಲಾ ವ್ಯಾನು. ಯಾವ ಶಾಲೆ, ಯಾವ ರಸ್ತೆ ಎಂದು ಬರೆಯುವುದಿಲ್ಲ. ಆ ಚಾಲಕರೊಬ್ಬರ ಮೇಲೆ ಗೂಬೆ ಕೂರಿಸುವುದು ನನ್ನ ಉದ್ದೇಶವಲ್ಲ. ರಸ್ತೆಗೆ ಅಡ್ಡ ಒಂದು ಟಾರ್ ಡ್ರಮ್ಮು, ಅದಕ್ಕೆ ಸಿಕ್ಕಿಸಿದ ಹಸಿರು ಸೊಪ್ಪಿನ ಕೊಂಬೆ. ಅಷ್ಟೇ ತಡೆ. ವ್ಯಾನಿನ ಹಿಂದೆ ಎರಡು ಪಿಕಪ್, ಒಂದು ಪ್ರವಾಸಿಗರ ಕಾರು ಬಂದು ನಿಂತು ಹಾರ್ನ್ ಹೊಡೆಯತೊಡಗಿದವು. ಯಾರೋ ಇಳಿದು ಡ್ರಮ್ಮನ್ನು ಉರುಳಿಸಿ ಪಕ್ಕಕ್ಕೆ ಸರಿಸಿದರು. ಆಚೆ ದಡದಲ್ಲಿದ್ದವರು “ಬನ್ನಿ, ಬನ್ನಿ, ಎಡಕ್ಕೆ ಹಿಡೀರಿ” ಎಂದು ಕೈ ಬೀಸಿದರು. ಚಾಲಕರು ಬಾಗಿಲು ತೆಗೆದು ಬಗ್ಗಿ ಚಕ್ರ ನೋಡಿದರು, ಮಕ್ಕಳ ಕಡೆ ತಿರುಗಿ ನೋಡಿದರು, ಗೇರ್ ಹಾಕಿದರು. ನಡುನೀರಿನಲ್ಲಿ ವ್ಯಾನಿನ ಹಿಂಭಾಗ ಒಂದು ಗೇಣಿನಷ್ಟು ಬಲಕ್ಕೆ, ಗದ್ದೆಯ ಕಡೆಗೆ ಜಾರಿತು. ಒಳಗಿನ ಮಕ್ಕಳ ಕೂಗು ನಮಗೆ ಕೇಳಿಸಿತು. ಚಕ್ರಕ್ಕೆ ಮತ್ತೆ ನೆಲ ಸಿಕ್ಕಿತು, ವ್ಯಾನು ದಾಟಿತು. ಚಪ್ಪಾಳೆ ತಟ್ಟಿದರು. ಮರುಕ್ಷಣವೇ ಹಿಂದಿನ ಕಾರೂ ಇಳಿಯಿತು.

ಆ ಚಾಲಕರ ಜಾಗದಲ್ಲಿ ನಿಂತು ಯೋಚಿಸಿ ಎಂದು ತಮ್ಮನ್ನು ಕೇಳಿಕೊಳ್ಳುತ್ತೇನೆ. ಹಿಂದೆ ಹಾರ್ನು, ಮುಂದೆ ಕೈ ಬೀಸುವವರು, ಗಾಡಿ ತಿರುಗಿಸಲು ಜಾಗವಿಲ್ಲ, ಕತ್ತಲಾಗುತ್ತಿದೆ, ತಾಯಂದಿರು ಮೇಲಿಂದ ಮೇಲೆ ಫೋನ್ ಮಾಡುತ್ತಿದ್ದಾರೆ. ಸುತ್ತು ಹಾಕಿ ಹೋದರೆ ಡೀಸೆಲ್ ಯಾರು ಕೊಡುತ್ತಾರೆ ಎಂಬ ಪ್ರಶ್ನೆ ಬೇರೆ. ಅಂಥ ಜಾಗದಲ್ಲಿ ಸರಿಯಾದ ತೀರ್ಮಾನ ಹೊರಡುವುದು ಕಷ್ಟ. ನೀರಿಗೆ ಇಳಿಯುವವರೆಲ್ಲ ಹುಚ್ಚು ಸಾಹಸಿಗರಲ್ಲ. ತೋಟದ ಕೆಲಸಕ್ಕೆ ಹೋಗದಿದ್ದರೆ ಅಂದಿನ ಕೂಲಿ ಹೋಗುವ ಲೈನ್‌ಮನೆಯ ಹೆಂಗಸರಿದ್ದಾರೆ, ಹಾಲು ತರುವವರಿದ್ದಾರೆ, ಆಸ್ಪತ್ರೆಗೆ ಹೊರಟವರಿದ್ದಾರೆ. ಪ್ರವಾಸಿಗರಿಗೆ ಮೊಬೈಲಿನ ಮ್ಯಾಪ್ ಇದೇ ಹತ್ತಿರದ ದಾರಿ ಎಂದು ತೋರಿಸುತ್ತಿರುತ್ತದೆ. ಈ ಒಬ್ಬೊಬ್ಬರಿಗೂ ದಾಟಲು ಅವರದ್ದೇ ಕಾರಣವಿದೆ. ನೀರಿನ ಅಂಚಿಗೆ ಬಂದು ನಿಂತ ಮೇಲೆ ಬುದ್ಧಿ ಹೇಳಿ ಫಲವಿಲ್ಲ. ಅವರು ಆ ಅಂಚಿಗೆ ಬರದಂತೆ ಮಾಡುವುದು ಆಡಳಿತಕ್ಕೆ ಮಾತ್ರ ಸಾಧ್ಯ.

2023ರ ಮೇ 21ರಂದು ಬೆಂಗಳೂರಿನ ಕೆ.ಆರ್. ವೃತ್ತದ ಅಂಡರ್‌ಪಾಸ್‌ನಲ್ಲಿ ಏನಾಯಿತೆಂದು ಇಡೀ ರಾಜ್ಯ ನೋಡಿದೆ. ಅಲ್ಲಿ ಹೊಳೆಯಿಲ್ಲ, ಕಾಡಿಲ್ಲ, ವಿಧಾನಸೌಧ ಕೂಗಳತೆಯಲ್ಲಿದೆ. ಹಾಡಹಗಲಲ್ಲಿ ಕುಟುಂಬವೊಂದು ಕುಳಿತಿದ್ದ ಕಾರು ಮಳೆನೀರಿನಲ್ಲಿ ಸಿಕ್ಕಿಕೊಂಡು 22 ವರ್ಷದ ಯುವತಿ ತೀರಿಕೊಂಡರು. ನಗರದ ನಟ್ಟನಡುವೆ ಹಾಗಾಗುವುದಾದರೆ, ರಾತ್ರಿ ಎಂಟರ ನಂತರ ಒಂದು ದೀಪವೂ ಇಲ್ಲದ, ನೆಟ್‌ವರ್ಕ್ ಸಿಗದ ನಮ್ಮ ರಸ್ತೆಗಳಲ್ಲಿ ಏನಾದೀತು?

ಹಾಗಾಗಿ ನನ್ನ ಮನವಿ ಇದು. ನೀರು ಹತ್ತುವ ಪ್ರತಿ ಜಾಗದ ಎರಡೂ ತುದಿಯಲ್ಲಿ ಅಳತೆಯ ಕಂಬ ನೆಡಿಸಿ. ಸೊನ್ನೆ ಇರಬೇಕಾದದ್ದು ರಸ್ತೆಯ ಅತಿ ತಗ್ಗಿನ ಮಟ್ಟಕ್ಕೆ. ಹೊಳೆಯ ಮಟ್ಟ ತಿಳಿದರೆ ಗಾಡಿಯವನಿಗೆ ಉಪಯೋಗವಿಲ್ಲ, ಅವನಿಗೆ ಬೇಕಾದದ್ದು ರಸ್ತೆಯ ಮೇಲೆ ಎಷ್ಟು ನೀರಿದೆ ಎಂಬುದು. ರಾತ್ರಿ ಬೆಳಕು ಬಿದ್ದರೆ ಹೊಳೆಯುವ ಬಣ್ಣವಿರಲಿ. ಕಂಬದ ಮೇಲಿನ ಕೆಂಪು ಗುರುತಿನ ಮಟ್ಟಕ್ಕೆ ನೀರು ಬಂದರೆ ಸ್ಕೂಟರಿನಿಂದ ಲಾರಿಯವರೆಗೆ ಯಾರೂ ದಾಟಬಾರದು, ಕಾಲ್ನಡಿಗೆಯವರೂ ಸೇರಿ.

ಎರಡನೆಯದು ಗೇಟು. ಡ್ರಮ್ಮು, ಹಗ್ಗ, ಸೊಪ್ಪಿನ ಕೊಂಬೆ ಯಾರನ್ನೂ ತಡೆಯುವುದಿಲ್ಲ. ಅರಣ್ಯ ಇಲಾಖೆಯ ತನಿಖಾ ಠಾಣೆಗಳಲ್ಲಿರುವಂಥ ಬೀಗ ಹಾಕುವ ಕಬ್ಬಿಣದ ಗೇಟು ಬೇಕು. ಅದಕ್ಕಿಂತ ಮುಖ್ಯವಾಗಿ, ಅದನ್ನು ನೀರಿನ ಪಕ್ಕದಲ್ಲಿ ನೆಡಬೇಡಿ. ಬಸ್ಸು ಸಲೀಸಾಗಿ ತಿರುಗಬಲ್ಲ, ಬೇರೆ ದಾರಿ ಕವಲೊಡೆಯುವ ಹಿಂದಿನ ಜಂಕ್ಷನ್ನಿನಲ್ಲಿ ಇರಲಿ. ಏಳೆಂಟು ಕಿಲೋಮೀಟರ್ ಬಂದವನನ್ನು ಹೊಳೆಯ ಬಾಯಲ್ಲಿ ತಡೆದರೆ ಅವನು ವಾದ ಮಾಡುತ್ತಾನೆ. ಜಂಕ್ಷನ್ನಿನಲ್ಲಿ ತಡೆದರೆ ಸುಮ್ಮನೆ ಬೇರೆ ದಾರಿ ಹಿಡಿಯುತ್ತಾನೆ. ಪಕ್ಕದಲ್ಲೇ ಬೋರ್ಡು ಹಾಕಿ, ಸುತ್ತು ದಾರಿ ಯಾವುದು, ಎಷ್ಟು ದೂರ ಎಂದು ಬರೆಸಿ. ಗೇಟಿನ ಬಳಿ ಪಾಳಿಯ ಮೇಲೆ ಇಬ್ಬರು ಗೃಹರಕ್ಷಕರನ್ನು ನಿಲ್ಲಿಸಿ, ಅವರಿಗೆ ಒಳ್ಳೆಯ ರೈನ್‌ಕೋಟು, ಟಾರ್ಚು, ವಾಕಿಟಾಕಿ, ಬಿಸಿ ಊಟ ಕೊಡಿಸಿ. ಕಕ್ಕಡ ತಿಂಗಳ ಜಡಿಮಳೆಯಲ್ಲಿ ರಾತ್ರಿಯಿಡೀ ನಿಲ್ಲುವುದೆಂದರೆ ಏನು ಎಂದು ನಿಂತವರಿಗೇ ಗೊತ್ತು.

ಗೇಟು ಬಿದ್ದ ಮೇಲೆ ಅದು ಎಲ್ಲರಿಗೂ ಬಿದ್ದಿರಬೇಕು. ಸರ್ಕಾರಿ ಜೀಪು, ಬಸ್ಸು, ಪ್ರಭಾವಿಗಳ ಗಾಡಿ ಒಂದು ದಾಟಿದರೂ ಅದರ ಹಿಂದೆ ಹತ್ತು ಸ್ಕೂಟರ್ ಇಳಿಯುತ್ತವೆ. ತಮಗೆ ಕಾನೂನಿನ ಬಲವೂ ಇದೆ. 2005ರ ವಿಪತ್ತು ನಿರ್ವಹಣಾ ಕಾಯ್ದೆಯ 34ನೇ ಸೆಕ್ಷನ್ ಅಪಾಯದ ಜಾಗಕ್ಕೆ ವಾಹನ ಮತ್ತು ಜನರ ಸಂಚಾರವನ್ನು ನಿಯಂತ್ರಿಸುವ ಅಧಿಕಾರವನ್ನು ಜಿಲ್ಲಾ ಪ್ರಾಧಿಕಾರಕ್ಕೆ ಕೊಡುತ್ತದೆ. ಆದೇಶ ಮೀರಿದವರ ಶಿಕ್ಷೆಗೆ 51ನೇ ಸೆಕ್ಷನ್ ಇದೆ. ಮಳೆಗಾಲದಲ್ಲಿ ಭಾರಿ ಸರಕು ವಾಹನಗಳಿಗೆ ನಿರ್ಬಂಧ ಹಾಕುವ ರೂಢಿ ನಮ್ಮ ಜಿಲ್ಲೆಯಲ್ಲಿದೆ, ಜನ ಅದಕ್ಕೆ ಹೊಂದಿಕೊಂಡಿದ್ದಾರೆ. ಇದಕ್ಕೂ ಹೊಂದಿಕೊಳ್ಳುತ್ತಾರೆ.

ಶಾಲೆಗಳ ಬಗ್ಗೆ ವಿಶೇಷವಾಗಿ ಹೇಳಬೇಕು. ರಜೆ ಹಿಂದಿನ ರಾತ್ರಿಯೇ ಘೋಷಣೆಯಾದ ದಿನ ವ್ಯಾನುಗಳು ಶೆಡ್ಡಿನಿಂದ ಹೊರಡುವುದೇ ಇಲ್ಲ, ಅಂದು ಊರು ನೆಮ್ಮದಿಯಾಗಿರುತ್ತದೆ. ಭಯ ಇರುವುದು ಮಕ್ಕಳು ಶಾಲೆಯಲ್ಲಿರುವಾಗ ಮಧ್ಯಾಹ್ನ ನೀರೇರುವ ದಿನ. ಆಗ ಎಲ್ಲರಿಗೂ ಹೊಳೆಯುವುದು ಮಕ್ಕಳನ್ನು ಬೇಗ ಮನೆಗೆ ಕಳಿಸೋಣ ಎಂಬ ಉಪಾಯ. ಏರುತ್ತಿರುವ ನೀರಿಗೆ ಮಕ್ಕಳನ್ನು ಎದುರಾಗಿ ಕಳಿಸಿದಂತೆ ಅದು. ಅಂಥ ದಿನ ಮಕ್ಕಳನ್ನು ಶಾಲೆಯಲ್ಲೇ ಉಳಿಸಿಕೊಳ್ಳುವ ಅವಕಾಶ ಬೇಕು. ಅಕ್ಕಿ, ಬೇಳೆ, ಗ್ಯಾಸ್, ಹೊದಿಕೆ, ರಾತ್ರಿ ಇರಲು ಒಪ್ಪಿದ ಶಿಕ್ಷಕರ ಹೆಸರು ಮೊದಲೇ ತಯಾರಿರಲಿ. ಒಂದು ರಾತ್ರಿ ಮಕ್ಕಳನ್ನು ಬಿಟ್ಟಿರಲು ನಮ್ಮ ಊರಿನ ತಂದೆತಾಯಂದಿರು ಒಪ್ಪುತ್ತಾರೆ. ಅದೇ ರೀತಿ, ರಸ್ತೆ ಮುಚ್ಚಿದ ದಿನ ಬರಲಾಗದ ಕಾರ್ಮಿಕರ ಕೂಲಿ ಕಡಿಯಬಾರದೆಂದು ಬೆಳೆಗಾರರ ಸಂಘಗಳನ್ನು ಕರೆದು ಮಾತಾಡಿಸಿ. ಹೋಂಸ್ಟೇ, ರೆಸಾರ್ಟ್‌ನವರು ಅತಿಥಿಗಳನ್ನು ಹೊರಡಿಸುವ ಮುಂಚೆ ರಸ್ತೆ ತೆರೆದಿದೆಯೇ ಎಂದು ವಿಚಾರಿಸುವುದು ಕಡ್ಡಾಯವಾಗಲಿ.

ಹಾರಂಗಿ ಅಣೆಕಟ್ಟೆಯಿಂದ ನೀರು ಬಿಡುವ ಮುಂಚೆ ನದಿ ಪಾತ್ರದ ಜನರಿಗೆ ಎಚ್ಚರಿಕೆ ಕೊಡುವ ಪದ್ಧತಿಯಿದೆ. ರಸ್ತೆಗಳಿಗೂ ಅಂಥದೇ ಬೇಕು. ಮಲೆಯಲ್ಲಿ ಬಿದ್ದ ಮಳೆ ಕೆಳಗಿನ ಊರಿಗೆ ಇಳಿದು ಬರಲು ಸಮಯ ಹಿಡಿಯುತ್ತದೆ. ನಾಪೋಕ್ಲಿನಲ್ಲೋ ಸಿದ್ದಾಪುರದಲ್ಲೋ ಬಿಸಿಲು ಕಂಡರೂ ಹೊಳೆ ಏರುತ್ತಲೇ ಇರುತ್ತದೆ. ಆ ಕೆಲವು ಗಂಟೆಗಳನ್ನು ಬಳಸಿಕೊಂಡರೆ ಯಾವ ರಸ್ತೆ ಮುಚ್ಚಬಹುದೆಂದು ಮೊದಲೇ ಹೇಳಬಹುದು. ಎಚ್ಚರಿಕೆ ಕನ್ನಡದಲ್ಲಿ ಮಾತ್ರ ಬಂದರೆ ಸಾಲದು. ಕೊಡವ ತಕ್ಕ್, ಮಲಯಾಳಂ, ಈಗ ತೋಟಗಳಲ್ಲಿರುವ ಅಸ್ಸಾಂ ಕಡೆಯವರಿಗಾಗಿ ಹಿಂದಿಯಲ್ಲೂ ಮೈಕಿನಲ್ಲಿ ಕೂಗಿಸಬೇಕು. ಅವರಿಗೆ ಈ ಹೊಳೆಯ ಗುಣ ಗೊತ್ತಿಲ್ಲ, ಅಪಾಯ ಹೆಚ್ಚಿರುವುದೂ ಅವರಿಗೇ.

ನೀರು ಇಳಿದ ಕೂಡಲೇ ಗೇಟು ತೆಗೆಯುವುದೂ ತಪ್ಪು. ರಸ್ತೆ ಮೇಲೆ ನೋಡಲು ಸರಿಯಾಗಿರುತ್ತದೆ, ಕೆಳಗಿನ ಮಣ್ಣು ಕೊಚ್ಚಿಹೋಗಿ ಟಾರು ಬರೀ ಹಪ್ಪಳದಂತೆ ನಿಂತಿರುತ್ತದೆ. ಎಂಜಿನಿಯರ್ ಒಬ್ಬರು ಬಂದು ಅಂಚು, ಮೋರಿ ಎರಡನ್ನೂ ನೋಡಿ ಸಹಿ ಹಾಕಿದ ಮೇಲೆ ಬೀಗ ತೆಗೆಯುವ ನಿಯಮವಾಗಲಿ.

ಈ ಪತ್ರ ಓದುವ ನನ್ನ ಚಾಲಕ ಬಂಧುಗಳಿಗೂ ಒಂದೆರಡು ಮಾತು, ಜಿಲ್ಲಾಧಿಕಾರಿಯವರ ಅನುಮತಿಯೊಂದಿಗೆ. ಗಾಡಿ ನೀರಿನಲ್ಲಿ ನಿಂತುಹೋದರೆ ಮತ್ತೆ ಸ್ಟಾರ್ಟ್ ಮಾಡಲು ಹೋಗಬೇಡಿ, ಅದರಿಂದ ಎಂಜಿನ್ನೂ ಹಾಳು, ಸಮಯವೂ ಹಾಳು. ನೀರು ಏರುತ್ತಿದ್ದರೆ ಮೊದಲು ಸೀಟ್‌ಬೆಲ್ಟ್ ಬಿಚ್ಚಿ, ತಕ್ಷಣ ಕಿಟಕಿ ಇಳಿಸಿ, ಕರೆಂಟಿನ ಕಿಟಕಿ ಸ್ವಲ್ಪ ಹೊತ್ತಿನಲ್ಲೇ ಕೆಲಸ ನಿಲ್ಲಿಸಬಹುದು. ಬಾಗಿಲನ್ನು ನೆಚ್ಚಿಕೊಳ್ಳಬೇಡಿ: ಹೊರಗೆ ಬಾಗಿಲಿನ ಬುಡದಿಂದ ಎರಡಡಿ ನೀರು ನಿಂತರೆ ಅದರ ಮೇಲೆ 150 ಕೆ.ಜಿ.ಗೂ ಮೀರಿದ ಒತ್ತಡವಿರುತ್ತದೆ. ಮಕ್ಕಳನ್ನು ಮೊದಲು ಕಿಟಕಿಯಿಂದ ಗಾಡಿಯ ಮೇಲಕ್ಕೆ ಹತ್ತಿಸಿ, ಆಮೇಲೆ ನೀವು. ಗಾಜು ಒಡೆಯಬೇಕಾಗಿ ಬಂದರೆ ಪಕ್ಕದ ಕಿಟಕಿಯ ಮೂಲೆಗೆ ಹೊಡೆಯಿರಿ, ಮುಂದಿನ ಗಾಜು ಎರಡು ಪದರಿನದು, ಒಡೆದರೂ ಬಿಡುವುದಿಲ್ಲ. ಒಂದು ಸಣ್ಣ ಸುತ್ತಿಗೆ ಸೀಟಿನ ಪಕ್ಕದಲ್ಲಿರಲಿ, ಡಿಕ್ಕಿಯಲ್ಲಿ ಬೇಡ. 112ಕ್ಕೆ ಅಥವಾ 1077ಕ್ಕೆ ಫೋನ್ ಮಾಡಿ. ನೀರು ಸೆಳೆದೊಯ್ದರೆ ಅಂಗಾತ ಮಲಗಿ, ಕಾಲು ಮುಂದಿರಲಿ, ರಭಸದಲ್ಲಿ ಎದ್ದು ನಿಲ್ಲಲು ಹೋಗಬೇಡಿ. ಕಲ್ಲಿನ ಸಂದಿಗೆ ಪಾದ ಸಿಕ್ಕಿದರೆ ನೀರು ತಲೆಯ ಮೇಲೆ ಹರಿಯುತ್ತದೆ. ಕಾಪಾಡಲು ಹೋಗುವ ಹುಡುಗರೇ, ಹಗ್ಗವನ್ನು ಸೊಂಟಕ್ಕೆ ಗಂಟು ಹಾಕಿಕೊಂಡು ಇಳಿಯಬೇಡಿ, ದಡದಿಂದಲೇ ಎಸೆಯಿರಿ. ಆಚೆ ದಡದಿಂದ “ಬನ್ನಿ, ಬನ್ನಿ” ಎಂದು ಕೈ ಬೀಸುವವರಿಗೆ ಕೈಮುಗಿದು ಕೇಳಿಕೊಳ್ಳುತ್ತೇನೆ, ದಯವಿಟ್ಟು ಹಾಗೆ ಕರೆಯಬೇಡಿ.

ಮಾನ್ಯರೇ, ಮೇ ತಿಂಗಳೊಳಗೆ ಕಂದಾಯ, ಪೊಲೀಸ್, ಲೋಕೋಪಯೋಗಿ, ಪಂಚಾಯಿತಿ ಎಲ್ಲರೂ ಸೇರಿ ಈ ಜಾಗಗಳನ್ನು ಒಮ್ಮೆ ನಡೆದು ನೋಡುವಂತೆ ತಾವು ಆದೇಶ ಮಾಡಬೇಕು. ಹೊಳೆ ಬದಿಯ ಗದ್ದೆಯವರನ್ನೂ ಬಸ್ ಚಾಲಕರನ್ನೂ ಕರೆಯಿರಿ, ಕರೆದರೆ ನಾನೂ ಕೆಲಸ ಬಿಟ್ಟು ಬರುತ್ತೇನೆ. ಯಾವ ರಸ್ತೆಗೆ ಗೇಟು, ಎಷ್ಟು ನೀರಿಗೆ ಮುಚ್ಚುವುದು, ಕೀಲಿ ಯಾರ ಕೈಯಲ್ಲಿ, ಸುತ್ತು ದಾರಿ ಯಾವುದು ಎಂಬ ಪಟ್ಟಿಯನ್ನು ಜೂನ್ 1ರೊಳಗೆ ಪ್ರತಿ ಗ್ರಾಮ ಪಂಚಾಯಿತಿಯ ಗೋಡೆಗೂ ಪ್ರತಿ ಶಾಲೆಯ ನೋಟಿಸ್ ಬೋರ್ಡಿಗೂ ಹಚ್ಚಿಸಬೇಕೆಂದು ಪ್ರಾರ್ಥಿಸುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ಗ್ಯಾರೇಜ್ ಮೆಕ್ಯಾನಿಕ್,
ನಾಪೋಕ್ಲು ಹೋಬಳಿ, ಕೊಡಗು